ಕಂಬದ ಕೆಳಗಿನ ಬೂದು ಚೌಕ

ಜನವರಿ ೯

ಚಿರಂಜೀವಿ ಕಿಂಡಿಗೆ,

ಎಲ್ಲಿ? ಎಲ್ಲಿ ಆ ಕಂಠ? ಗ್ಯಾಲರಿಯ ಕೊನೆಯ ಬೆಂಚು ದಾಟಿ, ಟಿಕೆಟ್ ಸಿಗದೆ ಹೊರಗೆ ನಿಂತವನ ಎದೆಗೂ ಬಡಿಯುತ್ತಿದ್ದ ಆ ಕಂಠ ಎಲ್ಲಿ? ಡಾಕ್ಟರು ಗಂಟಲು ಕೊಯ್ದು ಗಡ್ಡೆ ತೆಗೆದರು. ಗಡ್ಡೆಯ ಜೊತೆ ಗುಡುಗೂ ಹೋಯಿತು. ಈಗ ನಿನ್ನ ಗುಡುಗು ಮಾವ ಬರೀ ಮೋಡ!

ಮನೆಗೆ ಬಂದಿದ್ದೇನೆ. ಕೊರಳಿಗೆ ಒಂದು ಸ್ಲೇಟು ತೂಗುಹಾಕಿದ್ದಾರೆ, ತಪ್ಪು ಮಾಡಿದ ಹುಡುಗನಿಗೆ ಹಾಕಿದ ಹಾಗೆ. "ಟೀ" ಎಂದು ಬರೆದು ಎತ್ತಿ ಹಿಡಿದರೆ, ನಿಮ್ಮಮ್ಮ ಕನ್ನಡಕ ಹುಡುಕಿಕೊಂಡು ಬರುವಷ್ಟರಲ್ಲಿ ಟೀಯ ಆಸೆಯೇ ಆರಿಹೋಗಿರುತ್ತದೆ. ಗಂಟಲ ತೂತು ಕಾಣದಿರಲೆಂದು ನನ್ನಕ್ಕ, ಅಂದರೆ ನಿಮ್ಮಮ್ಮನೇ, ಒಂದು ಪಟ್ಟಿ ಹೊಲಿದುಕೊಟ್ಟಿದ್ದಾಳೆ. ಯಾವ ಬಟ್ಟೆ ಅಂತೀಯ? ನಾನು ಚಕ್ರವರ್ತಿಯ ಪಾತ್ರಕ್ಕೆ ಹೊದೆಯುತ್ತಿದ್ದ ಕೆಂಪು ಮಖಮಲ್ಲು! ನಾಟಕ ಕಂಪನಿ ಮುಚ್ಚಿದಾಗ ಎಲ್ಲರೂ ಸಾಮಾನು ಹಂಚಿಕೊಂಡರೆ ಇವಳು ಚಿಂದಿ ಕಟ್ಟಿಕೊಂಡು ಬಂದಿದ್ದಳಲ್ಲ, ದರ್ಜಿಯ ಬುದ್ಧಿ. ಆ ಚಿಂದಿಯೇ ಈಗ ನನ್ನ ಮಾನ ಕಾಯುತ್ತಿದೆ.

ಮೊಬೈಲಿನಲ್ಲಿ ಮೆಸೇಜು ಹಾಕು ಎಂದಿದ್ದೀಯ. ಸಿಂಹಾಸನದ ಮೇಲೆ ಕೂತು ಒಂದೇ ಉಸಿರಿಗೆ ಪುಟಗಟ್ಟಲೆ ಮಾತಾಡಿದವನು ಅಂಗೈಯಗಲದ ಗಾಜಿನ ಮೇಲೆ "ಊಟ ಆಯ್ತಾ" ಎಂದು ಕುಟ್ಟುತ್ತ ಕೂರಲೇ? ಆಗದು! ಕಾಗದ ಬರೆಯುತ್ತೇನೆ. ನೀನೂ ಕಾಗದವನ್ನೇ ಬರೆಯತಕ್ಕದ್ದು.

ಇನ್ನು ಆ ಜಗಳ. ಆಪರೇಷನ್ನಿನ ಹಿಂದಿನ ವಾರ ನೀನು ನನ್ನನ್ನು ನಿನ್ನ ಕೆಲಸದ ಜಾಗವಾದ ಆ ಆಟದ ಮೈದಾನಕ್ಕೆ ಕರೆದೊಯ್ದು, ಮೈಕಿನ ಮುಂದೆ ಕೂರಿಸಿ, ಕಂಪನಿ ಮುಚ್ಚಿದ ಮೇಲೆ ನಾನು ಅಷ್ಟು ವರ್ಷ ಅಲ್ಲಿನ ಗೇಟಿನಲ್ಲಿ ನಿಂತು ಜನಕ್ಕೆ ಕೂಗಿದ ಮಾತುಗಳನ್ನೆಲ್ಲ ಯಂತ್ರಕ್ಕೆ ತುಂಬಿಸಿಕೊಂಡೆ. ಮನೆಗೆ ಬಂದು ಹೇಳಿದಾಗ ನಿಮ್ಮಮ್ಮ ಅಡುಗೆಮನೆಯಿಂದ ಕೂಗಿದ್ದು ಇನ್ನೂ ಕಿವಿಯಲ್ಲಿದೆ: "ಬದುಕಿರೋ ಮನುಷ್ಯನ ದನೀನ ಡಬ್ಬಿಗೆ ತುಂಬ್ತೀಯಲ್ಲೇ, ಏನು ಉಪ್ಪಿನಕಾಯಿನಾ ಅದು?" ನೀನು ಸುಮ್ಮನಿರಬಹುದಿತ್ತು. "ಡಬ್ಬಿಗೆ ಹಾಕದಿದ್ರೆ ಮಣ್ಣಿಗೆ ಹೋಗುತ್ತಮ್ಮ" ಎಂದುಬಿಟ್ಟೆ. ಅವಳು ಬಾಗಿಲು ತೋರಿಸಿದಳು. ನೀನು ನಿಜವಾಗಿಯೂ ಹೊರಟುಬಿಟ್ಟೆ. ಅಲ್ಲವೇ, ಅಮ್ಮಂದಿರು ಬಾಗಿಲು ತೋರಿಸುವುದು ಹೊರಗೆ ಹೋಗಲಿ ಎಂದೇ?

ಅದಿರಲಿ. ಡಬ್ಬಿಯಲ್ಲಿ ನಾನು ಹೇಗಿದ್ದೇನೆ, ಹೇಳು.

ಇಂತಿ,
ಮೂಕ ಚಕ್ರವರ್ತಿ, ನಿನ್ನ ಗುಡುಗು ಮಾವ

*

ಜನವರಿ ೨೩

ಪ್ರೀತಿಯ ಮಾವ,

ಡಬ್ಬಿಯಲ್ಲಿ ನೀನು ಜೋರಾಗಿದ್ದೀಯ. ನಿನ್ನೆಯ ಪಂದ್ಯಕ್ಕೆ ಮೊದಲ ಸಲ ಹಾಕಿದೆವು. ಗೇಟಿನ ಹೊರಗಿನ ಕಂಬದ ಸ್ಪೀಕರಿನಿಂದ ನಿನ್ನ ದನಿ ಬಂದದ್ದೇ ತಡ, ಹಳೆಯ ಕಾವಲುಗಾರನೊಬ್ಬ ಬೀಡಿ ಬಿಸಾಕಿ ನೆಟ್ಟಗೆ ನಿಂತನಂತೆ!

ಒಂದು ಬೇಜಾರಿನ ಸುದ್ದಿ. ನೀನು ಪ್ರತಿ ಮಾತಿಗೂ ಮುಂಚೆ "ಮಹಾಜನರೇ!" ಎಂದು ಹಾಕಿದ್ದೆಯಲ್ಲ, ಅದನ್ನು ಕತ್ತರಿಸಿದರು. "ಇವರು ಮಹಾಜನರೇ ಅನ್ನೋಷ್ಟರಲ್ಲಿ ಜನ ಒಳಗೆ ಹೋಗಿ ಕೂತಿರ್ತಾರೆ ಮೇಡಂ" ಎಂದರು ನಮ್ಮ ಸಾಹೇಬರು. ಬೈಯಬೇಡ.

ನನ್ನ ಕೋಣೆ ಗ್ಯಾಲರಿಯ ಕೆಳಗೆ. ಕಿಟಕಿ ಇಲ್ಲ, ಗೋಡೆ ತುಂಬ ಸ್ಕ್ರೀನುಗಳು. ಹೊರಗಿನ ಕ್ಯಾಮೆರಾ ನೋಡಿದ್ದನ್ನು ಯಂತ್ರ ಚುಕ್ಕಿ ಮಾಡಿ ತೋರಿಸುತ್ತದೆ. ಒಬ್ಬ ಮನುಷ್ಯ ಅಂದರೆ ಒಂದು ಚುಕ್ಕಿ. ಜಾಗ ಸಡಿಲವಾಗಿದ್ದರೆ ದಾರಿ ಹಸಿರು, ಬಿಗಿಯಾದರೆ ಹಳದಿ, ಉಸಿರು ಕಟ್ಟುವಷ್ಟಾದರೆ ಕೆಂಪು. ಹಸಿರು ಇದ್ದಾಗ ತಾನಾಗಿಯೇ ನಿನ್ನ ದನಿ ಹೇಳುತ್ತದೆ: "ಮುಂದೆ ಜಾಗ ಇದೆ, ನಿಧಾನವಾಗಿ ಬನ್ನಿ." ಕೆಂಪಾದರೆ "ನಿಲ್ಲಿ!" ಆ "ನಿಲ್ಲಿ"ಗೆ ನೀನು ಎಷ್ಟು ಸಲ ಗಂಟಲು ಸರಿಮಾಡಿಕೊಂಡೆ, ನೆನಪಿದೆಯಾ? ಅದನ್ನು ಹಾಕುವ ಪ್ರಸಂಗ ಇನ್ನೂ ಬಂದಿಲ್ಲ.

ಚಿಕ್ಕವಳಿದ್ದಾಗ ರಂಗದ ಪರದೆಯ ತೂತಿನಲ್ಲಿ ಇಣುಕಿ, ಓಡಿಬಂದು "ಮಾವ, ತುಂಬಿದೆ!" ಎನ್ನುತ್ತಿದ್ದೆನಲ್ಲ. ಅದಕ್ಕೇ ಅಲ್ಲವೇ ನೀನು ಕಿಂಡಿ ಎಂದು ಹೆಸರಿಟ್ಟದ್ದು? ಈಗಲೂ ಅದೇ ಕೆಲಸ, ಸಂಬಳ ಬೇರೆ.

ಅಮ್ಮ ನನ್ನ ಬಗ್ಗೆ ಏನಾದರೂ ಕೇಳುತ್ತಾಳಾ?

ಇಂತಿ,
ಕಿಂಡಿ

*

ಫೆಬ್ರವರಿ ೪

ಕಿಂಡಿ,

"ಮಹಾಜನರೇ" ಕತ್ತರಿಸಿದರೇ! ರುಂಡ ಹಾರಿಸಿ ಮುಂಡವನ್ನು ರಂಗಕ್ಕೆ ಬಿಟ್ಟರೇ! ನಿಮ್ಮ ಸಾಹೇಬರು ನನ್ನ ಕೈಗೆ ಸಿಕ್ಕಲಿ, ಸ್ಲೇಟಿನಲ್ಲೇ ಬಡಿಯುತ್ತೇನೆ. ಕೇಳು ಮಗಳೇ: ಜನರನ್ನು ಮೊದಲು ಕರೆಯಬೇಕು, ಆಮೇಲೆ ಹೇಳಬೇಕು. ಕರೆಯದೆ ಹೇಳಿದರೆ ಅದು ಅಪ್ಪಣೆ.

ನಿಮ್ಮಮ್ಮ ಕೇಳುವುದಿಲ್ಲ. ನಿನ್ನ ಕಾಗದ ಬಂದಾಗ ಮಾತ್ರ ಮೇಜು ಒರೆಸುತ್ತಾಳೆ. ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾಳೆ. ನಾನು ಓದಿ ಮಡಚುವವರೆಗೂ ಆ ಮೇಜಿಗೆ ಬಿಡುಗಡೆಯಿಲ್ಲ.

ಈಚೆಗೆ ಇನ್ನೊಂದು ವಿಚಿತ್ರ. ವಾರಕ್ಕೊಮ್ಮೆ, ಕೆಲವೊಮ್ಮೆ ಎರಡು ಸಲ, ಮಧ್ಯಾಹ್ನ ಚೀಲ ಹಿಡಿದು ಹೊರಡುತ್ತಾಳೆ. "ಮಾರ್ಕೆಟ್ಟಿಗೆ ಹೋಗ್ಬರ್ತೀನಿ ಕಣೋ." ಬರುವುದು ಸಂಜೆಗೆ. ಚೀಲ ಖಾಲಿ! ಸ್ಲೇಟಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಹಿಡಿದೆ. "ಎಲ್ಲಾ ಬೆಲೆ ಏರಿಬಿಟ್ಟಿದೆ, ಏನು ತರೋದು?" ಎಂದಳು. ಸರಿ, ಬೆಲೆ ಏರಿದೆ. ಆದರೆ ಏನೂ ಕೊಳ್ಳದೆ ಬಂದವಳ ಮುಖದಲ್ಲಿ ಆ ಕಳೆ ಎಲ್ಲಿಯದು?

ಇಂತಿ,
ಮುಂಡ, ಅಂದರೆ ನಿನ್ನ ಮಾವ

*

ಫೆಬ್ರವರಿ ೨೬

ಮಾವ,

ಈ ಕಾಗದವನ್ನು ಮೇಜಿನ ಹತ್ತಿರ ಕೂತು ಓದಬೇಡ.

ನಮ್ಮ ಯಂತ್ರಕ್ಕೆ ಒಂದು ಗುಣವಿದೆ. ಎಲ್ಲ ಚುಕ್ಕಿಗಳೂ ಹರಿಯುತ್ತಿರುವಾಗ ಒಂದು ಚುಕ್ಕಿ ನಿಂತೇ ಇದ್ದರೆ ಅದಕ್ಕೆ ಅನುಮಾನ ಬರುತ್ತದೆ. ಗಂಟೆ ಹೊಡೆಯುತ್ತದೆ. ಕಾವಲುಗಾರ ಹೋಗಿ ವಿಚಾರಿಸಬೇಕು, ಅದು ನಿಯಮ. ಈ ತಿಂಗಳು ಪ್ರತಿ ಪಂದ್ಯಕ್ಕೂ ಗಂಟೆ ಹೊಡೆಯಿತು. ಒಂದೇ ಜಾಗ, ಗೇಟಿನ ಹೊರಗೆ, ನಿನ್ನ ದನಿ ಬರುವ ಕಂಬದ ಕೆಳಗೆ. ನಿನ್ನೆ ನಾನು ಚುಕ್ಕಿ ಸರಿಸಿ ಕ್ಯಾಮೆರಾದ ಚಿತ್ರವನ್ನೇ ಹತ್ತಿರಕ್ಕೆ ಎಳೆದು ನೋಡಿದೆ.

ಅಮ್ಮ. ಕೈಯಲ್ಲಿ ಚೀಲ. ಮುಖ ಮೇಲಕ್ಕೆ, ಕಂಬದ ಕಡೆಗೆ. ಸುತ್ತ ಜನ ಓಡುತ್ತಿದ್ದಾರೆ, ಇವಳೊಬ್ಬಳು ಕಣ್ಣು ಮುಚ್ಚಿ ನಿಂತಿದ್ದಾಳೆ.

ಅಷ್ಟರಲ್ಲಿ ಕಾವಲುಗಾರ ಬಂದ. ಏನೋ ಹೇಳಿದ. ಅವಳು ಕಳ್ಳಿಯ ಹಾಗೆ ತಲೆ ತಗ್ಗಿಸಿ ಹೊರಟುಹೋದಳು. ಮಾವ, ನಾನು ಆ ಸ್ಕ್ರೀನಿನ ಮುಂದೆ ಕೂತು ಅತ್ತುಬಿಟ್ಟೆ.

ಓಡಿಹೋಗಿ ಮಾತಾಡಿಸೋಣ ಅನ್ನಿಸಿತು. ಆದರೆ ಅವಳು ನಿನಗೆ ಗೊತ್ತಲ್ಲ. ನನಗೆ ತಿಳಿದಿದೆ ಅಂತ ಗೊತ್ತಾದರೆ ಇನ್ನೊಮ್ಮೆ ಆ ಕಡೆ ಕಾಲಿಡುವುದಿಲ್ಲ.

ಇಂತಿ,
ಕಿಂಡಿ

*

ಮಾರ್ಚ್ ೩

ನನ್ನ ಕಣ್ಮಣಿ ಕಿಂಡಿಗೆ,

ಸ್ನಾನದಮನೆಯಲ್ಲಿ ಬಾಗಿಲು ಹಾಕಿಕೊಂಡು ಓದಿದೆ. ಓದಿ ಅಲ್ಲೇ ಕೂತೆ. ಅಕ್ಕ ಹೊರಗಿನಿಂದ, "ಬಿದ್ದುಗಿದ್ದು ಬಿಟ್ಯೇನೋ?" ಎಂದು ಬಾಗಿಲು ಬಡಿದಳು. ಏನೆಂದು ಉತ್ತರ ಕೊಡಲಿ? ತಿರುಗಿ ಬಾಗಿಲು ಬಡಿದೆ.

ಮನೆಯಲ್ಲಿ ನನ್ನ ದನಿ ಹೋದದ್ದರ ಬಗ್ಗೆ ಅವಳು ಒಂದು ಮಾತೂ ಆಡಿಲ್ಲ. "ಒಳ್ಳೇದಾಯ್ತು, ಮನೆ ತಣ್ಣಗಿದೆ" ಎಂದೇ ಹೇಳುತ್ತಾಳೆ. ಚಿಕ್ಕಂದಿನಲ್ಲಿ ನಾನು ಮಾತು ಕಲಿಯುವಾಗ ತೊದಲುತ್ತಿದ್ದೆ. ಬಾವಿಗೆ ಬಾಗಿ ಕೂಗಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟವಳು ಅವಳು. ಆ ಕಂಠ ನನ್ನದೆಂದು ಊರೆಲ್ಲ ಹೇಳಿತು. ಹೊಲಿದವಳು ಅವಳು, ತೊಟ್ಟು ಮೆರೆದವನು ನಾನು.

ಕಿಂಡಿ, ಇದುವರೆಗೆ ನಾನು ನಿನ್ನ ಹತ್ತಿರ ಏನನ್ನೂ ಬೇಡಿಲ್ಲ. ಈಗ ಚಕ್ರವರ್ತಿ ಕೈಯೊಡ್ಡಿದ್ದಾನೆ. ಅವಳನ್ನು ಓಡಿಸಬೇಡಿ. ಆ ಕಾವಲುಗಾರರಿಗೂ ಹೇಳಬೇಡ. ಅಮ್ಮಾವ್ರೇ, ಗಿಮ್ಮಾವ್ರೇ ಎಂದು ಕುರ್ಚಿ ತಂದಿಟ್ಟರೆ ಕೆಟ್ಟಿತು. ಯಾರಿಗೂ ತಿಳಿಯದಂತೆ, ಅವಳಿಗೂ ತಿಳಿಯದಂತೆ, ಆ ಕಂಬದ ಕೆಳಗೆ ಅವಳನ್ನು ನಿಲ್ಲಲು ಬಿಡು. ಆಗುತ್ತದೆಯೇ?

ಇಂತಿ,
ಮಾವ

*

ಮಾರ್ಚ್ ೧೧

ಮಾವ,

ಆಯಿತು.

ನಮ್ಮಲ್ಲಿ "ಪರದೆ ಹಾಕುವುದು" ಅಂತ ಒಂದಿದೆ. ಗಾಳಿಗೆ ಅಲುಗುವ ಮರ, ಬಾವುಟ, ಇಂಥವು ಯಂತ್ರಕ್ಕೆ ಸುಮ್ಮನೆ ಗೊಂದಲ ಮಾಡುತ್ತವೆ. ಅಷ್ಟು ಜಾಗದ ಮೇಲೆ ಮೌಸಿನಿಂದ ಒಂದು ಚೌಕ ಎಳೆದರೆ ಅದು ಬೂದು ಬಣ್ಣವಾಗುತ್ತದೆ. ಆಮೇಲೆ ಅಲ್ಲಿರುವುದನ್ನು ಯಂತ್ರ ನೋಡುವುದಿಲ್ಲ. ಕಂಬದ ಕೆಳಗೆ ಒಂದು ಪರದೆ ಹಾಕಿದ್ದೇನೆ. ಸ್ವಲ್ಪ ಧಾರಾಳವಾಗಿಯೇ ಎಳೆದೆ. ಕಾಲು ನೋಯುತ್ತದೆಂದು ಪಕ್ಕದ ಕಟ್ಟೆಗೆ ಸರಿದರೂ ಸಿಕ್ಕಿಬೀಳಬಾರದಲ್ಲ.

ಸಾಹೇಬರು ನೋಡಿ, "ಅದೇನದು ಬೂದು?" ಎಂದರು. "ಬಾವುಟ ಸಾರ್" ಎಂದೆ. "ಓ" ಎಂದು ಟೀ ಕುಡಿಯಲು ಹೋದರು.

ಒಂದೇ ನಷ್ಟ. ಪರದೆ ಹಾಕಿದ ಮೇಲೆ ಕ್ಯಾಮೆರಾದ ಚಿತ್ರದಲ್ಲೂ ಅಷ್ಟು ಜಾಗ ಬೂದಾಗುತ್ತದೆ, ಅವಳು ನನಗೂ ಕಾಣುವುದಿಲ್ಲ. ಆದರೆ ಪಂದ್ಯವಿದ್ದ ದಿನ ಆ ಬೂದು ಚೌಕ ನೋಡಿದಾಗೆಲ್ಲ, ಅಲ್ಲಿದ್ದಾಳೆ ಅಂತ ಗೊತ್ತಾಗುತ್ತದೆ. ಒಂದೇ ಮನೆಯಲ್ಲಿ ಬೇರೆ ಬೇರೆ ಕೋಣೆಯಲ್ಲಿದ್ದ ಹಾಗೆ.

ಇಂತಿ,
ಕಿಂಡಿ

*

ಏಪ್ರಿಲ್ ೧೪

ಶಹಬ್ಬಾಸ್ ಕಿಂಡಿ!

ಅಕ್ಕನ ನಡಿಗೆಯೇ ಬದಲಾಗಿದೆ. ಬಟ್ಟೆ ಹೊಲಿಯುವಾಗ ಗುನುಗುತ್ತಾಳೆ. ಚೀಲ ಮಾತ್ರ ಖಾಲಿ! ನಿನ್ನೆ ನಾನು ಸ್ಲೇಟಿನಲ್ಲಿ, "ಮಾರ್ಕೆಟ್ಟಿನಲ್ಲಿ ಗಲಾಟೆ ಹೆಚ್ಚಾ?" ಎಂದು ಬರೆದೆ. "ಅದೇ ಚೆನ್ನಾಗಿರೋದು" ಎಂದವಳು ನಾಲಿಗೆ ಕಚ್ಚಿಕೊಂಡಳು. ನಾನು ಮುಖವನ್ನು ಕಲ್ಲು ಮಾಡಿಕೊಂಡೆ. ಇಷ್ಟು ವರ್ಷ ನಟಿಸಿದ್ದು ಸಾರ್ಥಕವಾಯಿತು.

ಈಗ ನಿಜವಾದ ಸುದ್ದಿ. ಇವತ್ತು ಬೆಳಿಗ್ಗೆ ಅವಳು ಕಪಾಟಿನ ಮೇಲಿನ ನಿನ್ನ ಲೋಟ ಕೆಳಗಿಳಿಸಿದಳು, ಅದೇ ಅಂಚು ಜಜ್ಜಿದ್ದು. ಉಜ್ಜಿ ತೊಳೆದು, ನಮ್ಮಿಬ್ಬರ ಲೋಟದ ಪಕ್ಕದಲ್ಲಿ ಬೋರಲು ಹಾಕಿದಳು. ಮಗಳೇ, ಬಾಗಿಲು ತೋರಿಸಿದ ಕೈ ಅದು! ಭಾನುವಾರ ಬಾ. ಏನೂ ಆಗಿಲ್ಲವೆಂಬಂತೆ ಬಂದು, "ಅಮ್ಮ, ಟೀ" ಎಂದುಬಿಡು. ಉಳಿದದ್ದು ನನಗೆ ಬಿಡು.

ಅದರ ಹಿಂದಿನ ದಿನ, ಶನಿವಾರ, ನಿಮ್ಮಲ್ಲಿ ಆ ದೊಡ್ಡ ಗಾಯಕಿಯ ಸಂಗೀತವಂತೆ. ಬೀದಿ ತುಂಬ ಪೋಸ್ಟರು. ಅಕ್ಕ ಈಗಲೇ ಚೀಲ ಒಗೆದು ಒಣಹಾಕಿದ್ದಾಳೆ.

ಇಂತಿ,
ಕಲ್ಲುಮುಖದ ಮಾವ

*

ಮೇ ೧೯

ಕಿಂಡಿ,

ಒಂದು ತಿಂಗಳು ಕಾದೆ.

ಅಕ್ಕನನ್ನು ಕಳಿಸಿಕೊಟ್ಟ ದಿನ ನೀನು ಸ್ಮಶಾನದ ಗೋಡೆಯ ಪಕ್ಕ ನಿಂತಿದ್ದೆ. ನಾನು ನೋಡಿದೆ. ಮತ್ತೆ ತಿರುಗಿ ನೋಡುವಷ್ಟರಲ್ಲಿ ನೀನು ಹೋಗಿಬಿಟ್ಟಿದ್ದೆ. ಹಿಂದಿನಿಂದ ಕೂಗಲು ಬಾಯಿ ತೆರೆದೆ. ಗಾಳಿ ಬಂತು.

ಪೊಲೀಸರು ಚೀಲ ತಂದುಕೊಟ್ಟರು. ಒಳಗೆ ಎಂದಿನಂತೆ ಏನೂ ಇರಲಿಲ್ಲ.

ಗೇಟಿನಲ್ಲಿ ನೂಕುನುಗ್ಗಲಾಯಿತು, ಏಳು ಜನ ಹೋದರು, ಅವರಲ್ಲಿ ಅಕ್ಕ ಒಬ್ಬಳು: ಇಷ್ಟೇ ನನಗೆ ಗೊತ್ತಿರುವುದು. ಪೇಪರಿನವರು ಒಂದೊಂದು ದಿನ ಒಂದೊಂದು ಬರೆಯುತ್ತಾರೆ. ನಾನು ಪೇಪರು ನಿಲ್ಲಿಸಿದೆ. ನೀನು ಹೇಳು. ಏನಾಯಿತು? ಕೊನೆಗೆ ಅವಳು ಹೇಗಿದ್ದಳು? ನೀನು ನೋಡಿರುತ್ತೀಯ. ಹೆದರಿದ್ದಳಾ? ಕಣ್ಣು ಮುಚ್ಚಿಯೇ ಇದ್ದಳಾ?

ಮನೆ ತಣ್ಣಗಿದೆ.

ಮಾವ

*

ಜೂನ್ ೨೭

ಮಾವ,

ಎಷ್ಟೋ ಸಲ ಶುರುಮಾಡಿ ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಅವತ್ತು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಟಿಕೆಟ್ ಇಲ್ಲದವರೂ ಹಾಡು ಕೇಳಿದರೆ ಸಾಕೆಂದು ಹೊರಗೇ ನಿಂತರು. ಗೇಟು ಸಣ್ಣದು. ಜನ ಕಂಬದ ಸುತ್ತ ಒತ್ತಿಕೊಂಡರು. ಆದರೆ ಅಲ್ಲಿ ನನ್ನ ಪರದೆ ಇತ್ತು. ಯಂತ್ರಕ್ಕೆ ಅಲ್ಲಿ ಯಾರೂ ಇರಲಿಲ್ಲ. ಗೇಟಿನ ಮುಂದೆ ಅಷ್ಟು ದೊಡ್ಡ ಜಾಗ ಖಾಲಿ ಇದೆ ಎಂದು ಲೆಕ್ಕ ಹಾಕಿತು. ದಾರಿ ಹಸಿರಾಗಿಯೇ ಇತ್ತು. ಹಸಿರಿದ್ದರೆ ಏನು ಹೇಳಬೇಕೆಂದು ನಾವೇ ಕಲಿಸಿದ್ದೆವು. ಅದನ್ನೇ ಹೇಳಿತು. ಮತ್ತೆ ಮತ್ತೆ ಹೇಳಿತು. ನಿನ್ನ ದನಿಯಲ್ಲಿ.

ಜನ ಬಂದರು ಮಾವ. ನಿನ್ನ ಮಾತು ನಂಬಿ, ನಿಧಾನವಾಗಿಯೇ ಬಂದರು.

ನಾನು ಹಸಿರು ನೋಡುತ್ತ ಕೂತಿದ್ದೆ. ಪಕ್ಕದ ಸ್ಕ್ರೀನಿನಲ್ಲಿ ಯಾರೋ ಮಗುವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದದ್ದು ಕಂಡಾಗ ಏನೋ ಸರಿಯಿಲ್ಲ ಅನ್ನಿಸಿತು. ಕೈಯಿಂದಲೇ ಗುಂಡಿ ಒತ್ತಿದೆ. "ನಿಲ್ಲಿ!" ನಿನ್ನ ಆ ಮಾತು ಮೊದಲ ಸಲ ಹೊರಗೆ ಕೇಳಿಸಿತು. ಹಿಂದಿದ್ದವರು ಒಮ್ಮೆಗೇ ನಿಂತರಂತೆ. ಇಲ್ಲದಿದ್ದರೆ ಇನ್ನೂ ಹೆಚ್ಚು ಜನ ಹೋಗುತ್ತಿದ್ದರು ಎಂದು ಸಾಹೇಬರು ಸಮಾಧಾನ ಹೇಳಿದರು. ಮುಂದಿದ್ದವರಿಗೆ ಅದು ತಡವಾಗಿತ್ತು.

ಅಮ್ಮ ಕೊನೆಗೆ ಹೇಗಿದ್ದಳು ಎಂದು ಕೇಳಿದ್ದೀಯ. ನನಗೆ ಗೊತ್ತಿಲ್ಲ. ನಾನು ನೋಡಲಿಲ್ಲ. ಅಲ್ಲಿ ಬೂದು ಚೌಕವಿತ್ತು.

ವಿಚಾರಣೆಯಲ್ಲಿ ಎಲ್ಲ ಹೇಳಿದೆ. ಪರದೆ ಯಾರು ಹಾಕಿದ್ದು ಎಂದರು. ನಾನು ಎಂದೆ. ಯಾಕೆ ಎಂದರು. ಅಮ್ಮ ನಿಲ್ಲಲಿ ಅಂತ ಎಂದೆ. ಬರೆದುಕೊಳ್ಳುತ್ತಿದ್ದವರು ತಲೆಯೆತ್ತಿದರು. ಆಮೇಲೆ ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಹೆಂಡತಿಯನ್ನು ಕಳೆದುಕೊಂಡವರು, ಗಡಿಯಾರ ರಿಪೇರಿ ಮಾಡುವವರಂತೆ. ನನ್ನನ್ನು ಕೇಳಿದರು: "ಆ ದನಿ ಯಾರ್ದಮ್ಮ? ನಮ್ಮನೆಯವಳು ಹೇಳೋಳು, ಆ ದನಿ ಕೇಳಿದ್ರೆ ಎಂಥ ಜನಜಂಗುಳೀಲೂ ಧೈರ್ಯ ಬರುತ್ತೆ ಅಂತ." ನಮ್ಮ ಮಾವನದು ಎಂದೆ. ಅವರು "ಹಾಗಾದ್ರೆ ಅವರ ಹತ್ರಾನೂ ನಿದ್ದೆ ಸುಳಿಯೋಲ್ಲ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಅಮ್ಮನಿಗಾಗಿ ಅಳಲು ಹೋದರೆ ಉಳಿದ ಆರು ಮನೆಯವರು ಎದುರಿಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಮನೆಗೆ ಬರಲಿಲ್ಲ. ನಿನ್ನ ಮುಖ ನೋಡಲು ಆಗುವುದಿಲ್ಲ.

ಕೆಲಸದಿಂದ ದೂರ ಇಟ್ಟಿದ್ದಾರೆ. ತೀರ್ಮಾನ ಏನಾಗುತ್ತದೋ ಆಗಲಿ. ನಿನ್ನ ದನಿಯನ್ನು ಯಂತ್ರದಿಂದ ತೆಗೆದರು. ಒಂದು ಪ್ರತಿ ನನ್ನ ಹತ್ತಿರ ಉಳಿದಿದೆ. ಲೋಕದಲ್ಲಿ ಅದೊಂದೇ. ಅಳಿಸಲಾ, ಇಟ್ಟುಕೊಳ್ಳಲಾ, ನೀನೇ ಹೇಳು.

ಕಿಂಡಿ

*

ಜುಲೈ ೨

ಕಿಂಡಿ,

ವಿಚಾರಣೆಯವರಿಗೆ ಅರ್ಧ ಹೇಳಿ ಬಂದಿದ್ದೀಯ. ಬೇಡಿದವನು ಯಾರೆಂದು ಹೇಳಲಿಲ್ಲವೇಕೆ? ನಾಳೆ ಸ್ಲೇಟು ಹಿಡಿದು ನಾನೇ ಹೋಗುತ್ತೇನೆ. ನನ್ನ ಪಾತ್ರವನ್ನು ಯಾರೂ ಕತ್ತರಿಸುವಂತಿಲ್ಲ.

ಮಾವ

*

ಆಗಸ್ಟ್ ೩೦

ನನ್ನ ಕಿಂಡಿಗೆ,

ಹೋಗಿದ್ದೆ. ವಿಚಾರಣೆಯವರಿಗೆ ಎಲ್ಲ ಬರೆದು ತೋರಿಸಿದೆ. ಅವರು ಓದಿದರು. ಒಬ್ಬ ಹೆಣ್ಣುಮಗಳು ನೀರು ಕೊಟ್ಟಳು. ಅದಕ್ಕಿಂತ ಹೆಚ್ಚಿಗೆ ಏನೂ ಆಗಲಿಲ್ಲ. ಚಪ್ಪಾಳೆ ಬೀಳದಿದ್ದರೆ ಸಾಕು ಎಂದು ನಾನು ಬಯಸಿದ ಏಕೈಕ ರಂಗಪ್ರವೇಶ ಅದು. ಬರುವಾಗ ಆ ಗಡಿಯಾರದವರ ಅಂಗಡಿಗೂ ಹೋದೆ. ಅವರು ಒಂದು ಸ್ಟೂಲು ತೋರಿಸಿದರು. ಕೂತೆ. ಅವರು ಕೆಲಸ ಮಾಡುತ್ತಿದ್ದರು, ನಾನು ನೋಡುತ್ತಿದ್ದೆ. ಏಳುವಾಗ, "ಮತ್ತೆ ಬನ್ನಿ" ಎಂದರು.

ನಿನ್ನೆ ಮೈದಾನದ ಬಾಗಿಲು ಮತ್ತೆ ತೆರೆಯಿತು. ಅಕ್ಕನ ಚೀಲ ಹಿಡಿದುಕೊಂಡು ಹೋದೆ. ಕೊರಳಿಗೆ ಮಖಮಲ್ಲು ಪಟ್ಟಿ. ಗೇಟು ಅಗಲ ಮಾಡಿದ್ದಾರೆ. ಕಂಬ ಅಲ್ಲೇ ಇದೆ. ಮೇಲಿಂದ ಯಾವುದೋ ಹೆಣ್ಣುದನಿ, ತೊಳೆದಿಟ್ಟ ತಟ್ಟೆಯ ಹಾಗೆ ಚೊಕ್ಕಟ, "ಮುಂದೆ ಜಾಗ ಇದೆ" ಎನ್ನುತ್ತದೆ. ಯಾರೂ ತಲೆಯೆತ್ತಿ ನೋಡುವುದಿಲ್ಲ. ಒಳ್ಳೆಯದೇ.

ನಾನು ಕಂಬದ ಕೆಳಗೆ ನಿಂತೆ. ಅವಳು ನಿಂತ ಹಾಗೆಯೇ, ಮುಖ ಮೇಲೆ ಮಾಡಿ, ಕಣ್ಣು ಮುಚ್ಚಿ. ಏನು ಕೇಳಿಸುತ್ತಿತ್ತು ಅವಳಿಗೆ ಅಲ್ಲಿ? ನನಗೆ ಬರೀ ಚಪ್ಪಲಿಯ ಸದ್ದು ಕೇಳಿಸಿತು.

ಹೆಚ್ಚು ಹೊತ್ತಾಗಿರಲಿಲ್ಲ. ಭುಜದ ಮೇಲೆ ಕೈ ಬಿತ್ತು. ಎಳೆಯ ಕಾವಲುಗಾರ. "ತಾತ, ಇಲ್ಲಿ ನಿಲ್ಲೋ ಹಾಗಿಲ್ಲ. ಒಳಗಿಂದ ಹೇಳ್ತಿದಾರೆ. ನಡೀರಿ."

ಸ್ಲೇಟಿನಲ್ಲಿ ಬರೆದೆ: "ಸ್ವಲ್ಪ ಹೊತ್ತು."

ಅವನು ಓದಿದ. ಪಾಪ, ಮುಖ ಸಣ್ಣದು ಮಾಡಿಕೊಂಡ. "ಸ್ವಲ್ಪಾನೂ ಇಲ್ಲ ತಾತ. ಬೇಜಾರು ಮಾಡ್ಕೋಬೇಡಿ. ಯಾರನ್ನೂ ಬಿಡೋ ಹಾಗಿಲ್ಲ."

ಕಿಂಡಿ, ಯಾರನ್ನೂ ಬಿಡುವ ಹಾಗಿಲ್ಲವಂತೆ. ಅಂದರೆ ಅಲ್ಲೀಗ ಪರದೆ ಇಲ್ಲ. ಒಳಗೆ ಯಾರೋ ನನ್ನ ಚುಕ್ಕಿಯನ್ನು ನೋಡಿದ್ದಾರೆ. ಎಷ್ಟು ಬೇಗ ನೋಡಿದರು! ಅಕ್ಕನನ್ನೂ ಹೀಗೆಯೇ ಓಡಿಸುತ್ತಿದ್ದರೆ ಅವಳು ಬೈದುಕೊಂಡು ಮನೆಗೆ ಬರುತ್ತಿದ್ದಳು. ಬೈದುಕೊಂಡೇ ಟೀ ಇಡುತ್ತಿದ್ದಳು. ಆ ಯೋಚನೆ ಬಂದದ್ದೇ, ಎಷ್ಟು ಗದರಿದರೂ ರಂಗ ಬಿಟ್ಟು ಇಳಿಯದವನು ನಾನು, ಹೇಳಿದ ಕೂಡಲೇ ಹೊರಟೆ. ಅವನ ಕೈ ಹಿಡಿದು ಒಮ್ಮೆ ಅದುಮಿದೆ. ಅವನಿಗೆ ಅರ್ಥವಾಗಲಿಲ್ಲ.

ದನಿಯ ವಿಷಯ. "ಮುಂದೆ ಜಾಗ ಇದೆ" ಅಳಿಸು. "ನಿಲ್ಲಿ"ಯನ್ನೂ ಅಳಿಸು, ಹೊತ್ತಿಗೆ ಒದಗದ ಮಾತು ಅದು. ಎಲ್ಲ ಅಳಿಸು. ಆದರೆ ಅಂದು ಕತ್ತರಿಸಿ ಎಸೆದಿರಲ್ಲ, ಆ "ಮಹಾಜನರೇ" ಎಲ್ಲಾದರೂ ಮೂಲೆಯಲ್ಲಿ ಬಿದ್ದಿದ್ದರೆ ಅದೊಂದನ್ನು ಉಳಿಸಿಕೋ. ಅದು ಯಾರನ್ನೂ ಎಲ್ಲಿಗೂ ಕರೆದೊಯ್ಯಲಿಲ್ಲ. ಅದನ್ನು ಇಟ್ಟುಕೊಂಡರೆ ಯಾರಿಗೂ ಅನ್ಯಾಯವಾಗುವುದಿಲ್ಲ.

ನನ್ನ ಮುಖ ನೋಡಲು ಆಗದು ಎಂದಿದ್ದೀಯ. ನನಗೂ ಕನ್ನಡಿ ನೋಡಲು ಆಗುವುದಿಲ್ಲ. ಇಬ್ಬರೂ ಗೋಡೆ ನೋಡಿಕೊಂಡು ಕೂರೋಣ. ನಾನು ಏನೂ ಕೇಳುವುದಿಲ್ಲ, ಕೇಳಲು ಕಂಠವೂ ಇಲ್ಲ.

ಮನೆಯಲ್ಲಿ ಎಲ್ಲವನ್ನೂ ಒರೆಸಿ ಜೋಡಿಸಿದ್ದೇನೆ, ಒಂದನ್ನು ಬಿಟ್ಟು. ನಿನ್ನ ಲೋಟ ಅಕ್ಕ ಬೋರಲು ಹಾಕಿದಂತೆಯೇ ಇದೆ. ಅದನ್ನು ಮುಟ್ಟಲು ನನಗೆ ಕೈ ಬರುವುದಿಲ್ಲ. ಭಾನುವಾರ ಬಾ ಮಗಳೇ. ಬಂದು ನೀನೇ ಎತ್ತು.

ಇಂತಿ,
ನಿನ್ನ ಮಾವ